ವಿದ್ಯುಚ್ಛಕ್ತಿಯ ಸಂತೆ

ಸಂತೆಯಲ್ಲಿ ಬಿಕರಿಯಾಗದ ಬದನೆಕಾಯಿಯನ್ನು ರೈತನು ಮರಳಿ ಮನೆಗೆ ಹೊತ್ತೊಯ್ಯಬಹುದು. ವಿದ್ಯುಚ್ಛಕ್ತಿಗೆ ಆ ಸೌಕರ್ಯವಿಲ್ಲ. ಬ್ಯಾಟರಿ ಮುಂತಾದವುಗಳಲ್ಲಿ ಕೂಡಿಟ್ಟ ಅಂಶವನ್ನು ಬಿಟ್ಟರೆ, ಉತ್ಪನ್ನವಾದ ಕ್ಷಣದಲ್ಲಿಯೇ ಅದು ವ್ಯಯವಾಗಬೇಕು. ಅಲ್ಲದೆ ಬಡಾವಣೆಗೆ ಬರುವ ಫೀಡರ್ ತಂತಿಯು ತನ್ನ ಮಿತಿಯನ್ನು ಮೀರಿದ ಪ್ರವಾಹವನ್ನು ಹೊರಲಾರದು. ಚಳಿಯ ಸಂಜೆ ಎಲ್ಲ ಮನೆಗಳೂ ಏಕಕಾಲದಲ್ಲಿ ಹೀಟರು ಹಾಕಿದರೆ ಯಾರು ಬಿಟ್ಟುಕೊಡಬೇಕು? ಈ ತೀರ್ಮಾನವನ್ನು ಬಡಾವಣೆಯೊಳಗಿನ ಹರಾಜಿಗೆ ಒಪ್ಪಿಸುವ ವ್ಯವಸ್ಥೆಗೆ ಸ್ಥಳೀಯ ವಿದ್ಯುತ್ ಮಾರುಕಟ್ಟೆಯೆಂದು ಹೆಸರು.

2006-07ರಲ್ಲಿ ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದ ಒಲಿಂಪಿಕ್ ಪರ್ಯಾಯದ್ವೀಪದಲ್ಲಿ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನು ಪರೀಕ್ಷಿಸಿದರು. ಭಾಗವಹಿಸಿದ 112 ಮನೆಗಳ ಪೈಕಿ ಒಂದು ಗುಂಪಿಗೆ 5 ನಿಮಿಷಕ್ಕೊಮ್ಮೆ ಬೆಲೆ ಬದಲಾಗುತ್ತಿತ್ತು. ಹರಾಜಿನಲ್ಲಿ ಮನೆಯವರ ಪರವಾಗಿ ಕೂಗುತ್ತಿದ್ದುದು ಗೋಡೆಯ ಮೇಲಿನ ಉಷ್ಣನಿಯಂತ್ರಕ. ಕೋಣೆಯು ತಣ್ಣಗಾದಷ್ಟೂ ಅದರ ಕೂಗು ಏರುತ್ತಿತ್ತು.

ಇದನ್ನು ಸರಳಗೊಳಿಸಿ, ರೂಪಾಯಿಗಳಲ್ಲಿಯೇ ಎಣಿಸೋಣ. ತಂತಿಯ ಮಿತಿ 10 ಕಿಲೋವಾಟ್. ನಾಲ್ಕು ಮನೆಗಳಿಗೆ ತಲಾ 3 ಕಿಲೋವಾಟ್ ಬೇಕು. ಅವುಗಳ ಕೂಗು ಕ್ರಮವಾಗಿ 9, 7, 5, 2 ರೂಪಾಯಿ. ಮೊದಲ ಮೂರು ಮನೆಗಳಿಗೆ ಶಕ್ತಿ ದೊರೆಯುತ್ತದೆ. ಅಂಗೀಕೃತವಾದ ಕೊನೆಯ ಕೂಗಾದ 5 ರೂಪಾಯಿಯೇ ಮೂವರಿಗೂ ದರ. ನಾಲ್ಕನೆಯ ಮನೆ ಕಾಯುತ್ತದೆ. ಕಾಯುತ್ತಿರುವಾಗ ಅದು ತಣ್ಣಗಾಗಿ ಅದರ ಕೂಗು 6ಕ್ಕೆ ಏರುತ್ತದೆ; ಬೆಚ್ಚಗಾದ ಮೊದಲನೆಯ ಮನೆಯ ಕೂಗು 3ಕ್ಕೆ ಇಳಿಯುತ್ತದೆ. ಸರದಿ ತಾನಾಗಿಯೇ ಬದಲಾಯಿತು!

ಆದರೆ ಇಂಥ ನಿಯಮವನ್ನು ನೇರವಾಗಿ ಊರಿನ ತಂತಿಯ ಮೇಲೆ ಪ್ರಯೋಗಿಸುವುದು ದುಸ್ಸಾಹಸ. ದರವು ಹಠಾತ್ತನೆ ಕುಸಿದರೆ, ಅದುವರೆಗೆ ಕಾಯುತ್ತಿದ್ದ ಹೀಟರುಗಳೆಲ್ಲ ಒಟ್ಟಿಗೆ ಎಚ್ಚತ್ತು ಮೊದಲಿಗಿಂತ ದೊಡ್ಡ ಹೊರೆಯನ್ನು ಹೇರಬಹುದು. ಆದುದರಿಂದ ಮೊದಲು ಗಣಕಯಂತ್ರದಲ್ಲಿ ಬಡಾವಣೆಯ ಪ್ರತಿರೂಪವನ್ನು ನಿರ್ಮಿಸುತ್ತಾರೆ. ಅದೇ ಪ್ರಯೋಗಾಲಯದ ‘ಗ್ರಿಡ್‌ಲ್ಯಾಬ್-ಡಿ’ ಇಂಥದೊಂದು ಸಾಧನ. ಪ್ರತಿ ಮನೆಯ ಉಷ್ಣಧಾರಣೆಯನ್ನೂ ಗೋಡೆಗಳಿಂದ ಸೋರುವ ಉಷ್ಣವನ್ನೂ ಅದರಲ್ಲಿ ಲೆಕ್ಕಿಸುತ್ತಾರೆ. ತಾವು ಪ್ರಯೋಗಶಾಲೆಯಲ್ಲಿ ಬಿಸಿನೀರಿನ ಪಾತ್ರೆಯಿಟ್ಟು ಪರೀಕ್ಷಿಸಿದ ನ್ಯೂಟನ್ನನ ಶೀತಲನ ನಿಯಮಕ್ಕೆ ಇದು ನಿಕಟ ಬಂಧು.

ಇಲ್ಲಿ ನಮಗೊಂದು ಶಂಕೆಯಿದೆ. ಹರಾಜಿನ ಕೂಗಿನಲ್ಲಿ ಚಳಿಯೊಂದೇ ಇಲ್ಲ, ಹಣದ ಚೀಲವೂ ಸೇರಿದೆ. ಹಸುಗೂಸಿರುವ ಬಡಮನೆ 2 ರೂಪಾಯಿಗಿಂತ ಹೆಚ್ಚು ಕೂಗಲಾರದಿದ್ದರೆ, ಯಂತ್ರವು ಅದನ್ನು ‘ಅಗತ್ಯ ಕಡಿಮೆ’ ಎಂದೇ ಓದುತ್ತದೆ. ತಂತಿ ಸುರಕ್ಷಿತವಾಗಿರುತ್ತದೆ, ಲೆಕ್ಕವೂ ಸರಿಹೊಂದುತ್ತದೆ. ಕೂಸು ಮಾತ್ರ ನಡುಗುತ್ತಿರುತ್ತದೆ.

ಮೇಲಿನ ನಾಲ್ಕು ಮನೆಗಳ ಲೆಕ್ಕವನ್ನು ವಾಚಕರು ಕಾಗದದ ಮೇಲೆಯೇ ಮುಂದುವರಿಸಬಹುದು. ದರಕ್ಕೊಂದು, ಪ್ರತಿ ಕೋಣೆಯ ಉಷ್ಣತೆಗೊಂದು ಅಂಕಣವನ್ನು ಎಳೆಯಿರಿ. ನಾಲ್ಕನೆಯ ಮನೆಯ ಕೂಗು 2 ರೂಪಾಯಿಯನ್ನು ದಾಟದಂತೆ ತಡೆದು, ಹನ್ನೆರಡು ಸರದಿಗಳಾದ ಬಳಿಕ ಅದರ ಉಷ್ಣತೆ ಎಲ್ಲಿಗೆ ಇಳಿದಿದೆಯೆಂದು ನೋಡಿರಿ.