ಎಲೆಕ್ಟ್ರಾನ್‌ಗಳು ಸಾಲುಗಟ್ಟಿದಾಗ

ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಆ ಯಂತ್ರದ ಗದ್ದಲ ನೆನಪಿರುತ್ತೆ. ಸಾಮಾನ್ಯವಾಗಿ ಅದರೊಳಗಿನ ತಂತಿಸುರುಳಿಯನ್ನು ದುಬಾರಿ ದ್ರವ ಹೀಲಿಯಂ ಬಳಸಿ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗಾಗಿಸಿರುತ್ತಾರೆ. ಆ ಚಳಿಯಲ್ಲಿ ತಂತಿ ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕ ಆಗುತ್ತೆ. ಕರೆಂಟಿಗೆ ಒಂಚೂರೂ ಅಡ್ಡಿಯಿಲ್ಲ, ಬಿಸಿಯಾಗಿ ಪೋಲಾಗೋದೂ ಇಲ್ಲ.

ಇಷ್ಟು ಚಳಿ ಬೇಡದ ವಸ್ತು ಇಲ್ವಾ? 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಲ್ಯಾಬ್‌ನಲ್ಲಿ ಬೆಡ್ನೋರ್ಟ್ಸ್ ಮತ್ತು ಮುಲ್ಲರ್ ಅದಕ್ಕೆ ದಾರಿ ತೋರಿಸಿದರು. ಸಿಕ್ಕಿದ್ದು ಲೋಹದಲ್ಲಲ್ಲ, ಪಿಂಗಾಣಿಯಂಥ ತಾಮ್ರದ ಆಕ್ಸೈಡ್‌ನಲ್ಲಿ! ಮರುವರ್ಷವೇ ನೊಬೆಲ್. ಅದೇ 1987ರಲ್ಲಿ ಇಟ್ರಿಯಂ, ಬೇರಿಯಂ ಇರುವ ತಾಮ್ರದ ಆಕ್ಸೈಡ್ ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವಾಯಿತು. ಅದಕ್ಕೆ ಅಗ್ಗದ ದ್ರವ ಸಾರಜನಕ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆಗ ಇದೇ ವಸ್ತುವಿನ ಹಿಂದೆ ಬಿದ್ದಿತ್ತು.

ಖಾಲಿ ಸೀಟಿನ ಲೆಕ್ಕ

ವಿಚಿತ್ರ ಅಂದರೆ, ಏನೂ ಬೆರೆಸದ ಮೂಲ ಆಕ್ಸೈಡ್ ಕರೆಂಟನ್ನೇ ಹರಿಸಲ್ಲ. ಸೀಟೆಲ್ಲ ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ಪ್ರತಿ ತಾಮ್ರದ ಪರಮಾಣುವಿನ ಬಳಿ ಒಂದೊಂದು ಎಲೆಕ್ಟ್ರಾನ್. ಅವು ಪರಸ್ಪರ ದೂಡುವುದರಿಂದ ಒಂದೇ ಸೀಟಿನಲ್ಲಿ ಎರಡು ಕೂರಲ್ಲ, ಹಾಗಾಗಿ ಯಾವುದೂ ಕದಲಲ್ಲ. ಲ್ಯಾಂಥನಂ ಇರುವ ಕಡೆ ಸ್ವಲ್ಪ ಬೇರಿಯಂ ಸೇರಿಸಿದರೆ ಕೆಲವು ಸೀಟು ಖಾಲಿಯಾಗಿ ಓಡಾಟ ಶುರುವಾಗುತ್ತೆ.

ಆದರೆ ಎಂಟಕ್ಕೆ ಒಂದು ಸೀಟು ಖಾಲಿಯಾದಾಗ ಈ ವಸ್ತುವಿನ ಅತಿವಾಹಕತೆ ದಿಢೀರನೆ ಕುಸಿಯುತ್ತೆ. ಯಾಕೆ? 1995ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಲ್ಯಾಬ್‌ನ ಜಾನ್ ಟ್ರಾಂಕ್ವಾಡಾ ತಂಡ ಇದೇ ಜಾತಿಯ ಇನ್ನೊಂದು ಆಕ್ಸೈಡ್‌ಗೆ ನ್ಯೂಟ್ರಾನ್ ಹಾಯಿಸಿ ನೋಡಿತು. ಖಾಲಿ ಸೀಟುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ನಾಲ್ಕು ಪರಮಾಣುಗಳಿಗೊಂದರಂತೆ ಪಟ್ಟೆಪಟ್ಟೆಯಾಗಿ ಸಾಲುಗಟ್ಟಿದ್ದವು. ಇದೇ ಚಾರ್ಜ್ ಆರ್ಡರಿಂಗ್. 2012ರಲ್ಲಿ ಎಕ್ಸ್-ರೇ ಪ್ರಯೋಗಗಳು ಇಟ್ರಿಯಂ ಆಕ್ಸೈಡ್‌ನಲ್ಲೂ ಇಂಥದ್ದೊಂದು ವಿನ್ಯಾಸ ತೋರಿಸಿದವು. ಅಯಸ್ಕಾಂತದ ಬಲದಿಂದ ಅತಿವಾಹಕತೆಯನ್ನು ಅದುಮಿದರೆ ಆ ವಿನ್ಯಾಸ ಗಟ್ಟಿಯಾಗುತ್ತಿತ್ತು.

ಶತ್ರುವೋ, ದಾಯಾದಿಯೋ?

ಹಾಗಾದರೆ ಸಾಲು ಅತಿವಾಹಕತೆಯ ಶತ್ರು ಅಂತ ತೀರ್ಮಾನಿಸಬಹುದಿತ್ತು. ಆದರೆ 2007ರಲ್ಲಿ, ಅತಿವಾಹಕತೆ ಕುಸಿಯುವ ಆ ಬೇರಿಯಂ ಆಕ್ಸೈಡ್‌ನಲ್ಲೇ ಬೇರೊಂದು ಸುಳಿವು ಸಿಕ್ಕಿತು. ಒಂದೊಂದು ಪದರದೊಳಗೆ ಅತಿವಾಹಕತೆಯ ಲಕ್ಷಣ ಮೈನಸ್ 233 ಡಿಗ್ರಿಯ ಹೊತ್ತಿಗೇ ಮೂಡುತ್ತೆ, ಪದರ ಪದರಗಳ ನಡುವೆ ಮಾತ್ರ ಹೊಂದಾಣಿಕೆ ಇಲ್ಲ. ಒಂದು ಪದರದಲ್ಲಿ ಪಟ್ಟೆ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಇರುವುದೇ ಕಾರಣ ಅನ್ನುವ ವಾದವಿದೆ.

ಕೋಡ್ ಬರೆಯುವ ನನಗೆ ಈ ತಲೆನೋವು ಚೆನ್ನಾಗಿ ಅರ್ಥವಾಗುತ್ತೆ. ಲಾಗ್‌ನಲ್ಲಿ ಎರಡು ಸಂಗತಿ ಒಟ್ಟಿಗೇ ಕಂಡರೆ ಯಾವುದು ಕಾರಣ, ಯಾವುದು ಪರಿಣಾಮ ಅಂತ ಹೇಳೋದು ಸುಲಭವಲ್ಲ. ನಾವಾದರೆ ಒಂದನ್ನು ಆಫ್ ಮಾಡಿ ನೋಡ್ತೀವಿ. ಇಲ್ಲಿ ಎರಡೂ ಅದೇ ಎಲೆಕ್ಟ್ರಾನ್‌ಗಳ ಆಟ, ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತೆ.

1993ರಲ್ಲಿ ಪಾದರಸ ಸೇರಿದ ಆಕ್ಸೈಡ್ ಮೈನಸ್ 140 ಡಿಗ್ರಿಯವರೆಗೆ ಬಂತು. ನಮ್ಮ ಮನೆಯ ಉಷ್ಣತೆಗೆ ಅದಿನ್ನೂ ಬಹಳ ದೂರ. ಈ ಸಾಲುಗಳ ಗುಟ್ಟು ಬಿಡಿಸಿದರೆ ಮುಂದಿನ ವಸ್ತುವನ್ನು ಅದೃಷ್ಟಕ್ಕೆ ಬಿಡದೆ, ಲೆಕ್ಕ ಹಾಕಿಯೇ ಹುಡುಕಬಹುದು.