ಮೊಬೈಲ್‌ ಕ್ರಿಕೆಟ್‌ನಲ್ಲಿ ಬರೋ ಸ್ವಿಂಗ್ ಮೈದಾನದಲ್ಲಿ ಯಾಕೆ ಬರಲ್ಲ? ಇಲ್ಲಿದೆ ಲೆಕ್ಕ

ಹುದಿಕೇರಿ: ಮಳೆ ಹಿಡಿಯಿತು ಅಂದರೆ ದಕ್ಷಿಣ ಕೊಡಗಿನಲ್ಲಿ ಕ್ರಿಕೆಟ್‌ಗೆ ರಜೆ. ಮೈದಾನದಲ್ಲಿ ನೀರು, ಕಾಫಿ ಕಣದಲ್ಲಿ ಪಾಚಿ. ಜೂನ್‌ನಿಂದ ಸೆಪ್ಟೆಂಬರ್‌ ತನಕ ಆಟ ಏನಿದ್ದರೂ ಮೊಬೈಲ್ ಒಳಗೆ. ಅಂಗಡಿ ಜಗಲಿ, ಬಸ್ ತಂಗುದಾಣ, ಕರೆಂಟ್ ಹೋದ ಮನೆ, ಎಲ್ಲಿ ನೋಡಿದರೂ ಹುಡುಗರ ಹೆಬ್ಬೆರಳು ಸ್ಕ್ರೀನ್ ಮೇಲೆ ಓಡಾಡುತ್ತಿರುತ್ತದೆ. ಔಟ್‌ಸ್ವಿಂಗ್, ಇನ್‌ಸ್ವಿಂಗ್, ಕಟರ್ ಎಲ್ಲ ಬೆರಳ ತುದಿಯಲ್ಲೇ.

ಬೇಸಿಗೆಯಲ್ಲಿ ಟೂರ್ನಿ ಶುರುವಾಗಿ ಅದೇ ಹುಡುಗ ಲೆದರ್ ಬಾಲ್ ಹಿಡಿದಾಗ ಕಥೆ ಬೇರೆ. ಚೆಂಡು ನೆಟ್ಟಗೆ ಹೋಗುತ್ತದೆ. ಇಲ್ಲವಾದರೆ ಲೆಗ್ ಕಡೆ ವೈಡ್. ಗೇಮ್‌ನಲ್ಲಿ ಬರೋದು ಇಲ್ಲಿ ಯಾಕೆ ಬರಲ್ಲ ಅನ್ನೋ ಪ್ರಶ್ನೆ ಸಹಜ. ನಮ್ಮ ಕಡೆ ಹೆಚ್ಚಿನ ಹುಡುಗರು ಬೆಳೆಯೋದೇ ಟೆನ್ನಿಸ್ ಬಾಲ್‌ನಲ್ಲಿ. ಅದಕ್ಕೆ ಎದ್ದು ನಿಂತ ಹೊಲಿಗೆ ಇಲ್ಲ. ಹಾಗಾಗಿ ಸ್ವಿಂಗ್ ಅನ್ನೋದನ್ನು ಅವರು ಮೊದಲು ಕಲಿಯೋದು ಫೋನ್‌ನಲ್ಲಿ. ಫೋನ್ ಕಲಿಸಿದ್ದು ಸರಿಯೋ ತಪ್ಪೋ ಅನ್ನೋದು ಮುಖ್ಯವಾಗೋದು ಅದಕ್ಕೇ.

ಮೊದಲು ನಿಜವಾದ ಚೆಂಡು

ಸ್ವಿಂಗ್ ಬೇರೆ, ಸೀಮ್ ಬೇರೆ. ಟಿವಿ ಕಾಮೆಂಟರಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿ ಹೇಳಿ ಗೊಂದಲ ಆಗಿದೆ. ಚೆಂಡು ಗಾಳಿಯಲ್ಲಿ, ನೆಲ ಮುಟ್ಟುವ ಮುಂಚೆ ಪಕ್ಕಕ್ಕೆ ವಾಲಿದರೆ ಸ್ವಿಂಗ್. ಹೊಲಿಗೆ ನೆಲಕ್ಕೆ ತಾಗಿ, ಪುಟಿದ ಮೇಲೆ ದಿಕ್ಕು ಬದಲಿಸಿದರೆ ಸೀಮ್.

ಸ್ವಿಂಗ್ ಮಾಡಿಸೋದು ಗಾಳಿ. ಬೌಲರ್ ಹೊಲಿಗೆಯನ್ನು ಸ್ವಲ್ಪ ಓರೆ ಹಿಡಿದು ಬಿಡುತ್ತಾನೆ, ಸುಮಾರು 20 ಡಿಗ್ರಿ. ಹೊಲಿಗೆ ಇರುವ ಬದಿಯಲ್ಲಿ ಗಾಳಿಯ ತೆಳು ಪದರ ಹೊಲಿಗೆಗೆ ಎಡವಿ ಕಲಕಿಹೋಗುತ್ತದೆ. ಹೀಗೆ ಕಲಕಿದ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹಿಂಬದಿಯವರೆಗೂ ಸುತ್ತುತ್ತದೆ. ನುಣುಪು ಬದಿಯ ಗಾಳಿ ಬೇಗ ಬಿಟ್ಟುಹೋಗುತ್ತದೆ. ಎರಡೂ ಬದಿಯ ಒತ್ತಡ ಬೇರೆ ಬೇರೆ ಆಗಿ, ಹೊಲಿಗೆ ಯಾವ ಕಡೆ ಮುಖ ಮಾಡಿದೆಯೋ ಚೆಂಡು ಆ ಕಡೆ ಸರಿಯುತ್ತದೆ. ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ ಬೇಕಿದ್ದರೆ ಹೊಲಿಗೆ ಸ್ಲಿಪ್ ಕಡೆಗೆ, ಹೊಳಪು ಬದಿ ಲೆಗ್ ಕಡೆಗೆ. ಪ್ಯಾಂಟ್‌ಗೆ ಉಜ್ಜೋದು ಸ್ಟೈಲ್‌ಗಲ್ಲ.

ಇದು ಎಷ್ಟು ದೊಡ್ಡ ಬಲ? ಚೆಂಡಿನ ತೂಕ 156ರಿಂದ 163 ಗ್ರಾಂ. ಒಳ್ಳೆ ಸ್ವಿಂಗ್‌ನಲ್ಲಿ ಪಕ್ಕಕ್ಕೆ ತಳ್ಳುವ ಬಲ ಈ ತೂಕದ ಶೇ 30ರ ಹತ್ತಿರ ಬರುತ್ತದೆ. ಗಂಟೆಗೆ 108 ಕಿ.ಮೀ. ವೇಗದ ಒಂದು ಯಾರ್ಕರ್ ತಗೊಳ್ಳಿ. ಕೈಬಿಟ್ಟ ಮೇಲೆ ಬ್ಯಾಟರ್ ಹತ್ತಿರ ತಲುಪೋಕೆ ಸುಮಾರು 18 ಮೀಟರ್, 0.6 ಸೆಕೆಂಡ್. ಅಷ್ಟರಲ್ಲಿ ಚೆಂಡು ಪಕ್ಕಕ್ಕೆ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸರಿದಿರುತ್ತದೆ. ಮೂರು ಸ್ಟಂಪ್‌ಗಳ ಒಟ್ಟು ಅಗಲ ಸುಮಾರು 23 ಸೆಂ.ಮೀ. ಅಂದರೆ ಅದರ ಎರಡರಷ್ಟಕ್ಕೂ ಹೆಚ್ಚು.

ಇದರಲ್ಲಿ ಇನ್ನೊಂದು ವಿಷಯ ಇದೆ. ಅರ್ಧ ದಾರಿಯಲ್ಲಿ ಚೆಂಡು ಸರಿದಿರೋದು ಬರೀ 13 ಸೆಂ.ಮೀ. ಉಳಿದ 40 ಸೆಂ.ಮೀ. ಎರಡನೇ ಅರ್ಧದಲ್ಲಿ. ಒಂದೇ ಸಮನೆ ತಳ್ಳುತ್ತಿದ್ದರೂ ಪಕ್ಕದ ವೇಗ ಕ್ಷಣಕ್ಷಣಕ್ಕೆ ಏರುತ್ತಾ ಹೋಗೋದರಿಂದ ಹೀಗೆ. ‘ಕೊನೇ ಗಳಿಗೆಯಲ್ಲಿ ತಿರುಗಿತು’ ಅಂತ ಬ್ಯಾಟರ್ ಹೇಳೋದರಲ್ಲಿ ಸುಳ್ಳಿಲ್ಲ.

ವೇಗ ಹೆಚ್ಚಾದಷ್ಟೂ ಸ್ವಿಂಗ್ ಹೆಚ್ಚು ಅನ್ನೋದು ಮಾತ್ರ ತಪ್ಪು. ಹೊಸ ಚೆಂಡು ಚೆನ್ನಾಗಿ ವಾಲೋದು ಗಂಟೆಗೆ 110–120 ಕಿ.ಮೀ. ಆಸುಪಾಸಿನಲ್ಲಿ. ವೇಗ ತುಂಬಾ ಏರಿದರೆ ನುಣುಪು ಬದಿಯ ಗಾಳಿಯೂ ತಾನಾಗಿ ಕಲಕಿ ವ್ಯತ್ಯಾಸ ಹೋಗಿಬಿಡುತ್ತದೆ. 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ಬೆಂಗಳೂರಿನ ರೋಜರ್ ಬಿನ್ನಿ. ಅವರು ಮಧ್ಯಮ ವೇಗಿ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದ ದಾವಣಗೆರೆಯ ವಿನಯ್ ಕುಮಾರ್ ಅವರಿಗೂ ಭಾರೀ ವೇಗ ಇರಲಿಲ್ಲ. ಚೆಂಡು ಹಳತಾಗಿ ಒಂದು ಬದಿ ಒರಟಾದ ಮೇಲೆ ಜೋರಾಗಿ ಎಸೆದರೆ ಲೆಕ್ಕ ಉಲ್ಟಾ ಆಗಿ ಚೆಂಡು ಹೊಲಿಗೆಯ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಅದೇ ರಿವರ್ಸ್ ಸ್ವಿಂಗ್.

ಮೋಡ ಇದ್ದರೆ ಸ್ವಿಂಗ್ ಅನ್ನೋ ಮಾತನ್ನು ನಮ್ಮೂರಲ್ಲಿ ನಂಬದವರಿಲ್ಲ. ಆದರೆ ಗಾಳಿಸುರಂಗದ ಪರೀಕ್ಷೆಗಳಲ್ಲಿ ತೇವಾಂಶದಿಂದ ಸ್ವಿಂಗ್ ಹೆಚ್ಚಾಗಿದ್ದು ಕಂಡಿಲ್ಲ. ಆಟಗಾರರು ಒಪ್ಪಲ್ಲ, ಚರ್ಚೆ ಇನ್ನೂ ನಡೀತಿದೆ. ಗೇಮ್‌ಗಳಲ್ಲಿ ಮೋಡದ ಹವಾಮಾನ ಆರಿಸಿದಾಗ ಸ್ವಿಂಗ್ ಜಾಸ್ತಿ ಕಂಡರೆ ಅದು ಆಟಗಾರರ ನಂಬಿಕೆಯಿಂದ ಬಂದಿದ್ದು, ಪ್ರಯೋಗಾಲಯದಿಂದ ಅಲ್ಲ.

ಗೇಮ್ ಉಲ್ಟಾ ಲೆಕ್ಕ ಹಾಕುತ್ತದೆ

ಈಗ ಫೋನ್‌ಗೆ ಬನ್ನಿ. ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಂದಿದ್ದು 2006ರಲ್ಲಿ. ಹಳೇ ಕಂಪ್ಯೂಟರ್ ಇರುವ ಮನೆಗಳಲ್ಲಿ ಈಗಲೂ ಓಡುತ್ತಿದೆ, ಇಂಟರ್‌ನೆಟ್ ಬೇಡ ನೋಡಿ. ಮೊಬೈಲ್‌ನಲ್ಲಿ ಚೆನ್ನೈನ ನೆಕ್ಸ್ಟ್‌ವೇವ್‌ನವರ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್, ಮುಂಬೈ ಕಡೆಯ ನಾಟಿಲಸ್‌ನ ರಿಯಲ್ ಕ್ರಿಕೆಟ್ ಹುಡುಗರಿಗೆ ಗೊತ್ತಿರೋ ಹೆಸರು.

ಈ ಬಗೆಯ ಆಟಗಳಲ್ಲಿ ಬೌಲಿಂಗ್ ಸಾಮಾನ್ಯವಾಗಿ ಹೀಗಿರುತ್ತದೆ: ಪಿಚ್ ಮೇಲೆ ಒಂದು ಗುರುತು ಓಡಾಡುತ್ತದೆ. ಚೆಂಡು ಎಲ್ಲಿ ಬೀಳಬೇಕೋ ಅಲ್ಲಿ ನಿಲ್ಲಿಸಬೇಕು. ಎಷ್ಟು ಸ್ವಿಂಗ್ ಅಂತ ಆರಿಸಬೇಕು. ಮೀಟರ್ ಸರಿಯಾದ ಜಾಗಕ್ಕೆ ಬಂದಾಗ ಒತ್ತಬೇಕು. ಅಷ್ಟೇ.

ಗುಟ್ಟು ಇರೋದು ಆ ಗುರುತಿನಲ್ಲಿ. ಚೆಂಡು ಎಲ್ಲಿಂದ ಹೊರಡುತ್ತದೆ, ಎಲ್ಲಿ ಬೀಳುತ್ತದೆ ಎರಡೂ ಮೊದಲೇ ತೀರ್ಮಾನ ಆಗಿರುತ್ತದೆ. ಪ್ರೋಗ್ರಾಂ ಮಾಡೋದು ನಡುವೆ ಒಂದು ಬಾಗಿದ ಗೆರೆ ಎಳೆಯೋದು. ಸ್ವಿಂಗ್ ಜಾಸ್ತಿ ಕೇಳಿದರೆ ಗೆರೆ ಜಾಸ್ತಿ ಬಾಗುತ್ತದೆ, ಆದರೆ ಚೆಂಡು ಬೀಳೋದು ಅದೇ ಗುರುತಿಗೆ. ಊರಿಗೆ ಹೋಗೋ ಬಸ್ ಯಾವ ತಿರುವು ಹಾಕಿದರೂ ಕೊನೆಗೆ ಬಸ್ ಸ್ಟ್ಯಾಂಡ್‌ಗೇ ಬಂದ ಹಾಗೆ.

ನಿಜದಲ್ಲಿ ಬೌಲರ್‌ಗೆ ಕೊನೆಯ ಜಾಗ ಕೈಯಲ್ಲಿಲ್ಲ. ಅವನ ಕೈಯಲ್ಲಿರೋದು ಆರಂಭ ಮಾತ್ರ: ಬಿಡುವ ದಿಕ್ಕು, ಮಣಿಕಟ್ಟು, ಹೊಲಿಗೆಯ ಓರೆ, ವೇಗ. ಮುಂದಿನದ್ದು ಗಾಳಿಗೆ ಬಿಟ್ಟಿದ್ದು. ಅರ್ಧ ಮೀಟರ್ ವಾಲುವ ಚೆಂಡು ಆಫ್‌ಸ್ಟಂಪ್‌ಗೆ ಬರಬೇಕಾದರೆ ಅದನ್ನು ಲೆಗ್‌ಸ್ಟಂಪ್‌ಗಿಂತಲೂ ಆಚೆಗೆ ಗುರಿ ಇಟ್ಟು ಬಿಡಬೇಕು. ವಾಲಲಿಲ್ಲ ಅಂದರೆ ಸೀದಾ ಲೆಗ್ ಕಡೆ ವೈಡ್. ಗುರುತು ಇಟ್ಟು ಅಭ್ಯಾಸ ಆದ ಹುಡುಗ ಈ ಹೆಜ್ಜೆಯನ್ನು ಕಲಿತಿರೋದೇ ಇಲ್ಲ. ಅವನಿಗೆ ಸ್ವಿಂಗ್ ಅಂದರೆ ಖರ್ಚಿಲ್ಲದ ಲಾಭ. ಮೈದಾನದಲ್ಲಿ ಹೊಡೆತ ಬೀಳೋದು ಇಲ್ಲೇ.

ಪರೀಕ್ಷೆ ಮಾಡೋದು ಸುಲಭ. ನಿಮ್ಮ ಗೇಮ್‌ನಲ್ಲಿ ಒಂದೇ ಜಾಗ, ಒಂದೇ ಸ್ವಿಂಗ್, ಒಂದೇ ಮೀಟರ್‌ನಲ್ಲಿ ಹತ್ತು ಚೆಂಡು ಹಾಕಿ. ಹತ್ತೂ ಒಂದೇ ಕಡೆ ಬಿದ್ದು ಒಂದೇ ಥರ ಹೋದರೆ ಅದು ಗೆರೆ ಎಳೆಯುವ ಗೇಮ್. ಇಪ್ಪತ್ತನೇ ಓವರ್‌ನ ಹಳೇ ಚೆಂಡೂ ಮೊದಲ ಓವರ್‌ನಷ್ಟೇ ತಿರುಗಿದರೆ ಹೊಳಪಿನ ಲೆಕ್ಕವೂ ಅದರಲ್ಲಿಲ್ಲ.

ಸೀಮ್ ಇನ್ನೂ ಕಷ್ಟ

ಸೀಮ್ ವಿಷಯದಲ್ಲಿ ನಿಜವಾದ ಬೌಲರ್‌ಗೇ ಪೂರ್ತಿ ಗೊತ್ತಿರಲ್ಲ. ಹೊಲಿಗೆ ನೆಟ್ಟಗೆ ನಿಲ್ಲಿಸಿ ಎಸೆದ. ಅದು ನೆಲಕ್ಕೆ ಯಾವ ಕೋನದಲ್ಲಿ ತಾಗಿತು, ಅಲ್ಲಿ ಹುಲ್ಲಿತ್ತಾ, ಬಿರುಕಿತ್ತಾ ಅನ್ನೋದರ ಮೇಲೆ ಒಳಗೋ ಹೊರಗೋ. ಬೆರಳಿನಿಂದ ಕತ್ತರಿಸಿ ಹಾಕುವ ಕಟರ್ ಮಾತ್ರ ಬೌಲರ್ ಬೇಕಂತಲೇ ಮಾಡೋದು. ವೆಂಕಟೇಶ್ ಪ್ರಸಾದ್ ಅವರ ಲೆಗ್‌ಕಟರ್ ನೆನಪಿರುವವರು ಇಲ್ಲೂ ಇದ್ದಾರೆ.

ಬೇಕಾಗೋದು ಎಷ್ಟು ತಿರುವು? ತೀರಾ ಕಮ್ಮಿ. ಬ್ಯಾಟ್‌ನ ಅಗಲ 10.8 ಸೆಂ.ಮೀ. ದಾಟುವಂತಿಲ್ಲ ಅಂತ ನಿಯಮ. ನಡುವಿನಿಂದ ಅಂಚಿಗೆ 5.4 ಸೆಂ.ಮೀ. ಚೆಂಡು ಬ್ಯಾಟರ್‌ಗೆ 5 ಮೀಟರ್ ಮುಂದೆ ಬಿದ್ದು ಒಂದೇ ಒಂದು ಡಿಗ್ರಿ ತಿರುಗಿದರೂ ಬ್ಯಾಟ್ ಹತ್ತಿರ ಬರುವಾಗ ಸುಮಾರು 9 ಸೆಂ.ಮೀ. ಸರಿದಿರುತ್ತದೆ. ಅರ್ಧ ಡಿಗ್ರಿಗೆ ಅಂಚು ಸಿಗುತ್ತದೆ, ಒಂದು ಡಿಗ್ರಿಗೆ ಬ್ಯಾಟ್ ತಪ್ಪುತ್ತದೆ. ಅಷ್ಟು ಸಣ್ಣ ತಿರುವು ಕೈಯಗಲದ ಸ್ಕ್ರೀನ್‌ನಲ್ಲಿ ಕಣ್ಣಿಗೇ ಬೀಳಲ್ಲ. ಆದ್ದರಿಂದ ಗೇಮ್‌ನವರು ದೊಡ್ಡದು ಮಾಡಿ ತೋರಿಸುತ್ತಾರೆ, ಚೆಂಡು ನೆಲ ಮುಟ್ಟಿ ಸ್ಪಿನ್ ಥರ ಮುರಿಯುತ್ತದೆ.

ಸರಿಯಾಗಿ ಮಾಡಬೇಕು ಅಂದರೆ ಪ್ರೋಗ್ರಾಂ ಪ್ರತಿ ಚೆಂಡಿಗೂ ದಾಳ ಉರುಳಿಸಬೇಕು. ಹೊಸ ಚೆಂಡು, ಹಸಿ ಪಿಚ್ ಆದರೆ ದಾಳದಲ್ಲಿ ತಿರುವಿನ ಮುಖ ಜಾಸ್ತಿ. ಹಳೇ ಚೆಂಡು, ಒಣ ಪಿಚ್ ಆದರೆ ಕಮ್ಮಿ. ಫಲಿತಾಂಶ ಬೌಲಿಂಗ್ ಮಾಡುವವನಿಗೂ ಗೊತ್ತಾಗಬಾರದು. ತಾಂತ್ರಿಕವಾಗಿ ಇದೇನು ದೊಡ್ಡ ಕೆಲಸ ಅಲ್ಲ. ಆದರೆ ಆಡುವವರು ಸಿಟ್ಟಾಗುತ್ತಾರೆ. ಸರಿಯಾಗಿ ಬಟನ್ ಒತ್ತಿದರೂ ಔಟ್ ಆದರೆ ‘ಈ ಗೇಮ್ ಮೋಸ’ ಅಂತ ಡಿಲೀಟ್ ಮಾಡ್ತಾರೆ. ಮೈದಾನದಲ್ಲಿ ಅದೇ ಚೆಂಡಿಗೆ ಔಟಾದರೆ ‘ಒಳ್ಳೆ ಬಾಲ್’ ಅಂತ ಹೇಳಿ ಹೊರಗೆ ಬರ್ತಾರೆ.

ಮೆಲ್ಬರ್ನ್‌ನ ಬಿಗ್ ಆ್ಯಂಟ್ ಕಂಪನಿಯವರು 2014ರ ಡಾನ್ ಬ್ರಾಡ್ಮನ್ ಕ್ರಿಕೆಟ್‌ನಿಂದ ಈಚೆಗೆ ಬೇರೆ ದಾರಿ ಹಿಡಿದರು. ಬಟನ್ ಬದಲು ಕಂಟ್ರೋಲರ್‌ನ ಸ್ಟಿಕ್ ಎಳೆದು ತಳ್ಳಬೇಕು, ಬಿಡುವ ಸಮಯ ತಪ್ಪಿದರೆ ಚೆಂಡೂ ತಪ್ಪುತ್ತದೆ. ಮೈದಾನಕ್ಕೆ ಒಂದು ಹೆಜ್ಜೆ ಹತ್ತಿರ. ಆದರೆ ಅದಕ್ಕೆ ಕನ್ಸೋಲ್ ಅಥವಾ ಒಳ್ಳೆ ಕಂಪ್ಯೂಟರ್ ಬೇಕು, ಎಲ್ಲರ ಕೈಗೆ ಎಟುಕಲ್ಲ.

ಅಪ್ಪ-ಅಮ್ಮಂದಿರು, ಅಂಗಡಿಯವರು ಗಮನಿಸಬೇಕಾದ್ದು ಒಂದಿದೆ. ಹಲವು ಉಚಿತ ಗೇಮ್‌ಗಳಲ್ಲಿ ಬೌಲರ್‌ನ ಶಕ್ತಿ ಏರಿಸೋಕೆ ಕಾಯಿನ್ ಬೇಕು. ಕಾಯಿನ್ ಆಡಿ ಗಳಿಸಬಹುದು, ದುಡ್ಡು ಕೊಟ್ಟೂ ತಗೊಳ್ಳಬಹುದು. ಮನೆಯವರ ಯುಪಿಐ ಇರುವ ಫೋನ್ ಮಗು ಕೈಯಲ್ಲಿದ್ದರೆ ಪ್ಲೇಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಇಟ್ಟುಕೊಳ್ಳೋದು ಒಳ್ಳೇದು. ದುಡ್ಡು ಕೊಟ್ಟು ಏರಿಸಿದ ಸ್ವಿಂಗ್ ಏಪ್ರಿಲ್‌ನಲ್ಲಿ ಮೈದಾನಕ್ಕೆ ಬರಲ್ಲ.

ಹಾಗಂತ ಗೇಮ್‌ನಿಂದ ಏನೂ ಸಿಗಲ್ಲ ಅಂತಲ್ಲ. ಫೀಲ್ಡ್ ಎಲ್ಲಿ ನಿಲ್ಲಿಸಬೇಕು, ಎರಡು ಹೊರಗೆ ಹೋಗುವ ಚೆಂಡು ಹಾಕಿ ಮೂರನೆಯದು ಒಳಗೆ ತರೋದು, ಇದೆಲ್ಲ ಸ್ಕ್ರೀನ್‌ನಲ್ಲೂ ಕಲಿಯಬಹುದು. ಮಣಿಕಟ್ಟು ಕಲಿಯೋಕೆ ಮಾತ್ರ ಚೆಂಡೇ ಬೇಕು.

ಲೆದರ್ ಬಾಲ್ ಇಲ್ಲದಿದ್ದರೂ ಒಂದು ದಾರಿ ಇದೆ. ಟೆನ್ನಿಸ್ ಬಾಲ್‌ನ ಅರ್ಧಕ್ಕೆ ಮಾತ್ರ ಎಲೆಕ್ಟ್ರಿಕಲ್ ಟೇಪ್ ಸುತ್ತಿ, ಒಂದು ಬದಿ ನುಣುಪು, ಇನ್ನೊಂದು ಬದಿ ಜುಂಗು. ಟೇಪ್ ಅಂಚು ನೆಟ್ಟಗೆ ಹಿಡಿದು, ಚೆಂಡು ಅಡ್ಡಾದಿಡ್ಡಿ ಸುತ್ತದ ಹಾಗೆ ಎಸೆದರೆ ಗಾಳಿಯಲ್ಲೇ ವಾಲೋದು ಕಾಣುತ್ತದೆ. ಯಾವ ಬದಿಗೆ, ಎಷ್ಟು ವೇಗಕ್ಕೆ ಜಾಸ್ತಿ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಬಹುದು. ಮಳೆ ಬಿಟ್ಟು ಪಾಚಿ ಒಣಗಿದ ಮೇಲೆ, ಕಣಕ್ಕೆ ಕಾಫಿ ಬಂದು ಬೀಳುವ ಮುಂಚೆ, ಅದಕ್ಕೆ ಕೆಲವು ವಾರ ಸಮಯ ಸಿಗುತ್ತದೆ.