ಗ್ಲುಕೋಮೀಟರಿನ ಅಂಕಿಯೂ ಕಿಣ್ವದ ಸಾಕ್ಷ್ಯವೂ

ಮಧುಮೇಹಿಗಳ ಮನೆಮನೆಯಲ್ಲಿಯೂ ಇಂದು ಕಾಣಸಿಗುವ ಗ್ಲುಕೋಮೀಟರಿನ ಅಂಕಿಯನ್ನು ವೇದವಾಕ್ಯವೆಂದು ನಂಬುವವರುಂಟು, ಬರಿಯ ಆಟಿಕೆಯ ಮಾತೆಂದು ತಳ್ಳಿಹಾಕುವವರೂ ಉಂಟು. ಆ ಅಂಕಿ ಹುಟ್ಟುವ ಬಗೆಯನ್ನರಿತವರಿಗೆ ಇವೆರಡೂ ಅತಿರೇಕಗಳೆಂಬುದು ವೇದ್ಯವಾಗದಿರದು.

ತಪ್ಪು ಕಲ್ಪನೆ: ಯಂತ್ರವು ಸಕ್ಕರೆಯನ್ನು ನೇರವಾಗಿ ಅಳೆಯುತ್ತದೆ.

ಸತ್ಯ: ಯಂತ್ರವು ಬಲ್ಲದ್ದು ವಿದ್ಯುತ್ತನ್ನು ಮಾತ್ರ. ಯಂತ್ರಕ್ಕೆ ಸಿಕ್ಕಿಸುವ ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿಟ್ಟ ಕಿಣ್ವವು, ಸುಮಾರು ಒಂದು ಮೈಕ್ರೋಲೀಟರಿನಷ್ಟು ರಕ್ತದಲ್ಲಿ ನೆನೆದು, ಗ್ಲುಕೋಸಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಸೆಳೆದು, ಮಧ್ಯವರ್ತಿಯಾದ ಇನ್ನೊಂದು ದ್ರವ್ಯದ ಮೂಲಕ ವಿದ್ಯುದಗ್ರಕ್ಕೆ ಮುಟ್ಟಿಸಲಾಗಿ, ಆಗ ಹರಿಯುವ ಅತ್ಯಲ್ಪ ಪ್ರವಾಹವೇ ಅಂಕಿಯಾಗಿ ಮೂಡುತ್ತದೆ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಇವರು ಪ್ರತಿಪಾದಿಸಿದ ಕಿಣ್ವ-ವಿದ್ಯುದಗ್ರದ ತತ್ತ್ವವೇ ಇದಕ್ಕೆ ಮೂಲ.

ತಪ್ಪು ಕಲ್ಪನೆ: ಕಿಣ್ವವೆಂದೂ ಮೋಸಹೋಗದು.

ಸತ್ಯ: ಬೀಗಕ್ಕೆ ತಕ್ಕ ಕೀಲಿಯೆಂದು ಕಿಣ್ವವನ್ನು ಹೊಗಳುವುದು ವಾಡಿಕೆಯಾದರೂ, ಕೆಲವು ಕೀಲಿಗಳು ಎರಡು ಬೀಗಗಳನ್ನು ತೆರೆಯುವುದುಂಟು. ಪಿ.ಕ್ಯು.ಕ್ಯು. ಎಂಬ ಸಹಕಾರಿಯನ್ನು ಆಶ್ರಯಿಸಿದ ಗ್ಲುಕೋಸ್ ಡಿಹೈಡ್ರೋಜಿನೇಸೆಂಬ ಕಿಣ್ವವು ಮಾಲ್ಟೋಸೆಂಬ ಬೇರೆ ಸಕ್ಕರೆಯನ್ನೂ ಗ್ಲುಕೋಸೆಂದೇ ಎಣಿಸುವುದರಿಂದ, ಉದರ ಡಯಾಲಿಸಿಸ್ಸಿನಲ್ಲಿ, ದೇಹದೊಳಗೆ ಮಾಲ್ಟೋಸಾಗಿ ಒಡೆಯುವ ಐಕೋಡೆಕ್ಸ್‌ಟ್ರಿನ್ ದ್ರಾವಣವನ್ನು ಪಡೆಯುತ್ತಿದ್ದವರ ರಕ್ತದಲ್ಲಿ ಇಲ್ಲದ ಸಕ್ಕರೆ ಇದ್ದಂತೆ ತೋರಿ, ಅನಗತ್ಯವಾದ ಇನ್ಸುಲಿನ್ನಿನಿಂದ ಪ್ರಾಣಹಾನಿಯೂ ಸಂಭವಿಸಿತು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿತು. ಕಿಣ್ವವು ಸರಿಯಾಗಿದ್ದರೂ ಮಾವಿನಹಣ್ಣು ಸುಲಿದ ಬೆರಳನ್ನು ತೊಳೆಯದೆ ಚುಚ್ಚಿಕೊಂಡರೆ, ರಕ್ತದ ಜೊತೆಗೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ.

ತಪ್ಪು ಕಲ್ಪನೆ: ಪ್ರಯೋಗಶಾಲೆಯ ಅಂಕಿಗೆ ಹೊಂದದಿದ್ದರೆ ಯಂತ್ರ ಕೆಟ್ಟಿದೆ.

ಸತ್ಯ: 2013ರ ಐ.ಎಸ್.ಒ. 15197 ಮಾನದಂಡದ ಪ್ರಕಾರ ನೂರರಲ್ಲಿ 95 ಫಲಿತಾಂಶಗಳು, ಗ್ಲುಕೋಸು ಡೆಸಿಲೀಟರಿಗೆ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದಲ್ಲಿ ಪ್ರಯೋಗಶಾಲೆಯ ಅಂಕಿಯಿಂದ 15 ಮಿ.ಗ್ರಾಂ.ಗಳ ವ್ಯತ್ಯಾಸದೊಳಗೂ, ಅದಕ್ಕೆ ಸಮನಾಗಿ ಅಥವಾ ಮೇಲಿದ್ದಲ್ಲಿ ಶೇಕಡಾ 15ರ ವ್ಯತ್ಯಾಸದೊಳಗೂ ಇದ್ದರೆ ಸಾಕು. ಎಂದರೆ ಪ್ರಯೋಗಶಾಲೆಯಲ್ಲಿ 150 ಬಂದಲ್ಲಿ ಮನೆಯ ಯಂತ್ರ 135 ತೋರಿದರೂ ಅದು ನಿರ್ದೋಷಿಯೇ. ಇದಲ್ಲದೆ ರಕ್ತಹೀನತೆಯಿಂದ ಕೆಂಪುಕಣಗಳು ಕಡಿಮೆಯಾದವರಲ್ಲಿ ಅನೇಕ ಯಂತ್ರಗಳ ಅಂಕಿ ವಾಸ್ತವಕ್ಕಿಂತ ಮೇಲೇರುವುದುಂಟು.

ತಪ್ಪು ಕಲ್ಪನೆ: ಸ್ಟ್ರಿಪ್ಪು ಬರಿಯ ಪ್ಲಾಸ್ಟಿಕ್ಕು, ಅವಧಿ ಮುಗಿದರೂ ಚಿಂತೆಯಿಲ್ಲ.

ಸತ್ಯ: ಅದರಲ್ಲಿರುವ ಕಿಣ್ವವು ಪ್ರೋಟೀನು; ಬಿಸಿಲಿಗೂ ತೇವಕ್ಕೂ ಅದರ ಶಕ್ತಿ ಕುಂದುತ್ತದೆ. ಆದಕಾರಣ ಡಬ್ಬಿಯ ಮುಚ್ಚಳವನ್ನು ಒಡನೆಯೇ ಬಿಗಿಯುವುದೂ, ರೋಗನಿರ್ಣಯವನ್ನು ಪ್ರಯೋಗಶಾಲೆಗೆ ಬಿಟ್ಟು ದಿನದಿನದ ಏರಿಳಿತವನ್ನು ಮಾತ್ರ ಮನೆಯ ಯಂತ್ರದಿಂದ ತಿಳಿಯುವುದೂ, ಅನುಭವಕ್ಕೆ ಬರುವ ಲಕ್ಷಣಗಳಿಗೆ ಅಂಕಿ ಹೊಂದದಿದ್ದಾಗ ಕೈ ತೊಳೆದು ಮತ್ತೊಮ್ಮೆ ಪರೀಕ್ಷಿಸುವುದೂ ವಿವೇಕಿಗಳ ಕರ್ತವ್ಯ.